ಲಾವೋ ಜನರ ಬದುಕು: ಆಚರಣೆಯೋ, ಪ್ರದರ್ಶನವೋ?

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ನಾವು ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್‌ಗೆ ಹೋಗಿದ್ದೆವು. ಬೆಳಗಿನ ಜಾವ ಭಿಕ್ಷುಗಳಿಗೆ ಅನ್ನ ನೀಡುವ ಬೀದಿಯಲ್ಲಿ ಭಕ್ತರಿಗಿಂತ ಕ್ಯಾಮೆರಾ ಹಿಡಿದವರೇ ಹೆಚ್ಚಾಗಿದ್ದರು. ಅದೇ ದಿನ ಮಧ್ಯಾಹ್ನ ಎಳೆಯ ಭಿಕ್ಷುಗಳು ಮೊಬೈಲ್ ನೋಡುತ್ತಾ ಕುಳಿತಿದ್ದರು. ಅಲ್ಲಿ ಉಳಿದಿರುವ ಸಂಪ್ರದಾಯವೆಲ್ಲ ಪ್ರವಾಸಿಗರಿಗಾಗಿಯೇ ನಡೆಯುತ್ತಿದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಾವು ಕಂಡದ್ದು ನಿಜ, ಆದರೆ ಅದು ಒಂದು ಪಟ್ಟಣದ ಒಂದೆರಡು ಬೀದಿಗಳ ಚಿತ್ರ. 1995ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಲುವಾಂಗ್ ಪ್ರಬಾಂಗ್‌ನ ಭಿಕ್ಷಾಟನೆ ನೋಟದ ವಸ್ತುವಾಯಿತು. ಭಿಕ್ಷುಗಳಿಂದ ದೂರ ನಿಲ್ಲಿ, ಫ್ಲ್ಯಾಶ್ ಬಳಸಬೇಡಿ ಎಂದು ಅಲ್ಲಿ ಫಲಕ ಹಾಕಬೇಕಾಗಿ ಬಂದಿರುವುದು ನನ್ನ ದೃಷ್ಟಿಯಲ್ಲಿ ಪ್ರವಾಸಿಗರು ತಲೆತಗ್ಗಿಸಬೇಕಾದ ಸಂಗತಿ. ಇತರ ಊರುಗಳಲ್ಲಿ ಇದೇ ಆಚರಣೆಯನ್ನು ನೋಡುವವರು ಯಾರೂ ಇಲ್ಲದಿದ್ದರೂ, ಮನೆಯ ಹೆಂಗಸರು ಬೆಳಗಾಗುವ ಮೊದಲೇ ಅಂಟಕ್ಕಿಯನ್ನು ಬಿದಿರಿನ ಬುಟ್ಟಿಯಲ್ಲಿ ಹಬೆಗಿಟ್ಟು, ಬಾಗಿಲ ಮುಂದೆ ಮಂಡಿಯೂರಿ, ಬರಿಗಾಲಲ್ಲಿ ಸಾಗುವ ಭಿಕ್ಷುಗಳ ಪಾತ್ರೆಗೆ ಒಂದೊಂದೇ ತುತ್ತು ಹಾಕುತ್ತಾರೆ.

ಮೊಬೈಲ್ ಹಿಡಿದ ಆ ಹುಡುಗರ ಬಗ್ಗೆ ಕಠಿಣವಾಗಿ ಯೋಚಿಸಬೇಡಿ. ಅವರಲ್ಲಿ ಬಹುಪಾಲು ಬಡ ಬೆಟ್ಟದೂರುಗಳಿಂದ ಬಂದ ಸಾಮಣೇರರು, ಅಂದರೆ ಪೂರ್ಣ ದೀಕ್ಷೆ ಪಡೆಯದ ಎಳೆಯ ಭಿಕ್ಷುಗಳು. ಹಳ್ಳಿಯಲ್ಲಿ ಸಿಗದ ಶಿಕ್ಷಣ ವಿಹಾರದ ಮೂಲಕ ಸಿಗುತ್ತದೆ ಎಂಬುದು ಅವರನ್ನು ಕಳುಹಿಸಿದ ತಂದೆತಾಯಿಯರ ಲೆಕ್ಕ. ಕೆಲವು ವರ್ಷ ಕಾವಿ ಉಟ್ಟು, ಓದು ಮುಗಿಸಿ, ಗೃಹಸ್ಥ ಜೀವನಕ್ಕೆ ಮರಳುವುದನ್ನು ಆ ಸಮಾಜ ಸಹಜವೆಂದೇ ಒಪ್ಪಿಕೊಂಡಿದೆ.

ಲಾವೋ ಜನರ ಮನಸ್ಸನ್ನು ಅರಿಯಬೇಕಾದರೆ ‘ಬಾಸಿ’ಯನ್ನು ನೋಡಬೇಕು. ಮದುವೆ, ಹೆರಿಗೆ, ದೂರ ಪ್ರಯಾಣ, ಕಾಯಿಲೆಯಿಂದ ಚೇತರಿಕೆ, ಅತಿಥಿಯ ಆಗಮನ – ಯಾವುದೇ ಸಂದರ್ಭವಿರಲಿ, ನಡುವೆ ಬಾಳೆಲೆ ಮತ್ತು ಹೂಗಳ ಗೋಪುರವಿಟ್ಟು ಸುತ್ತ ಕುಳಿತು, ಹಿರಿಯರೊಬ್ಬರು ಪಠಿಸಿದ ಬಳಿಕ ಪರಸ್ಪರ ಮಣಿಕಟ್ಟಿಗೆ ಬಿಳಿ ಹತ್ತಿ ದಾರ ಕಟ್ಟುತ್ತಾರೆ. ದೇಹವನ್ನು ಕಾಯುವ 32 ಚೇತನಗಳು ಅಲೆದು ಹೋಗುತ್ತವೆ, ಅವನ್ನು ಕರೆತಂದು ಕಟ್ಟಿಹಾಕಬೇಕು ಎಂಬುದು ಅದರ ಹಿಂದಿನ ನಂಬಿಕೆ. ಆ ನಾಡಿಗೆ ಬೌದ್ಧ ಧರ್ಮ ಬರುವ ಮೊದಲಿನಿಂದಲೂ ಇರುವ ನಂಬಿಕೆ ಅದು. 1975ರಲ್ಲಿ ಅರಸೊತ್ತಿಗೆ ಕೊನೆಗೊಂಡು ಕಮ್ಯುನಿಸ್ಟ್ ಆಡಳಿತ ಬಂದರೂ ಈ ದಾರ ಹರಿಯಲಿಲ್ಲ. ಇಂದು ಸರ್ಕಾರಿ ಅಧಿಕಾರಿಗಳೂ ಅತಿಥಿಗಳನ್ನು ಬಾಸಿಯಿಂದಲೇ ಬರಮಾಡಿಕೊಳ್ಳುತ್ತಾರೆ.

ನನಗೆ ಹೆಚ್ಚು ಕಳವಳ ತರುವುದು ಕ್ಯಾಮೆರಾ ಅಲ್ಲ, ಮನೆ ಖಾಲಿಯಾಗುತ್ತಿರುವುದು. ಲಾವೋ ಕುಟುಂಬಗಳಲ್ಲಿ ಮದುವೆಯ ನಂತರ ಅಳಿಯ ಹೆಂಡತಿಯ ಮನೆಗೆ ಬರುವುದು ರೂಢಿ. ತಂದೆತಾಯಿಯನ್ನು ನೋಡಿಕೊಳ್ಳುವ ಹೊಣೆಯೊಂದಿಗೆ ಮನೆಯೂ ಸಾಮಾನ್ಯವಾಗಿ ಕಿರಿಯ ಮಗಳ ಪಾಲಿಗೆ ಬರುತ್ತದೆ. 2021ರ ಡಿಸೆಂಬರ್‌ನಲ್ಲಿ ಚೀನಾ ಗಡಿಯಿಂದ ರಾಜಧಾನಿ ವಿಯೆಂಟಿಯಾನ್‌ವರೆಗೆ ರೈಲು ಓಡತೊಡಗಿತು. ರಸ್ತೆಯಲ್ಲಿ ದಿನವಿಡೀ ಹಿಡಿಯುತ್ತಿದ್ದ ಲುವಾಂಗ್ ಪ್ರಬಾಂಗ್–ವಿಯೆಂಟಿಯಾನ್ ಪಯಣ ಸುಮಾರು ಎರಡು ಗಂಟೆಗೆ ಇಳಿಯಿತು. ಆದರೆ ಅದರ ಬೆನ್ನಿಗೇ ಅಲ್ಲಿನ ನಾಣ್ಯ ಕಿಪ್ ಕುಸಿದು, 2023ರ ಆರಂಭದಲ್ಲಿ ಹಣದುಬ್ಬರ ಶೇ 40ನ್ನು ದಾಟಿತು. ಸಂಬಳದಿಂದ ಬದುಕು ಸಾಗದ ಯುವಜನ ಮೆಕಾಂಗ್ ನದಿಯಾಚೆ ಥಾಯ್ಲೆಂಡಿಗೆ ದುಡಿಯಲು ಹೊರಟರು. ಭಾಷೆ ಅವರಿಗೆ ತೊಡಕಾಗುವುದಿಲ್ಲ, ಏಕೆಂದರೆ ಥಾಯ್ ಟಿ.ವಿ. ನೋಡಿಯೇ ಬೆಳೆದವರು ಅವರು. ಕಿರಿಯ ಮಗಳೇ ಹೊರಟುಹೋದ ಮನೆಯಲ್ಲಿ ಮುಂಜಾನೆ ಅಕ್ಕಿ ಬೇಯಿಸಲು ಅಜ್ಜಿಯೊಬ್ಬಳೇ ಉಳಿದರೆ, ಆ ಆಚರಣೆಯನ್ನು ಯಾವ ಪರಂಪರೆಯ ಪಟ್ಟಿಯೂ ಕಾಪಾಡಲಾರದು.

ಪ್ರಶ್ನೆ: ಲಾವೋಸ್‌ನಲ್ಲಿ ಪ್ರಾಚೀನ ಶಿವಾಲಯವಿದೆಯೆಂದು ಕೇಳಿದ್ದೇನೆ. ಈಗಲೂ ಅಲ್ಲಿ ಪೂಜೆ ನಡೆಯುತ್ತದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅದು ದಕ್ಷಿಣದ ಚಂಪಾಸಕ್ ಪ್ರಾಂತದಲ್ಲಿರುವ ವಾಟ್ ಫು. ಶಿಖರವು ಲಿಂಗದಂತೆ ಕಾಣುವ ಬೆಟ್ಟದ ಬುಡದಲ್ಲಿ ಖ್ಮೇರರು, ಅಂದರೆ ಇಂದಿನ ಕಾಂಬೋಡಿಯಾದ ಜನರ ಪೂರ್ವಜರು, ಕಟ್ಟಿದ ಆಲಯವಿದು. ಬೆಟ್ಟದ ಒರತೆಯ ನೀರು ಗರ್ಭಗುಡಿಯ ಲಿಂಗದ ಮೇಲೆ ಹರಿಯುವಂತೆ ಮಾಡಿದ್ದರು. ಈಗ ಅಲ್ಲಿ ಬುದ್ಧನ ಮೂರ್ತಿಗಳಿದ್ದು, ಪ್ರತಿವರ್ಷ ಸಾಮಾನ್ಯವಾಗಿ ಫೆಬ್ರುವರಿಯ ಹುಣ್ಣಿಮೆಗೆ ದೊಡ್ಡ ಜಾತ್ರೆ ಸೇರುತ್ತದೆ. ಆಲಯದ ಜೀರ್ಣೋದ್ಧಾರದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಕೈಜೋಡಿಸಿದೆ.