ಅಕ್ರಿಲಿಕ್ ಶೀಟಿಗೆ ಕಚ್ಚಿಕೊಂಡ ಹಳೇ ಪೇಪರ್ ಬಿಡಿಸೋದು ಹೇಗೆ?

ಪ್ರಶ್ನೆ: ಗುಳೇದಗುಡ್ಡದಲ್ಲಿ ನಮ್ಮದು ಖಣದ ಅಂಗಡಿ. ಹೊಸ ಶೋಕೇಸ್ ಮಾಡಿಸೋಣ ಎಂದು ಅಟ್ಟದ ಮೇಲಿದ್ದ ಅಕ್ರಿಲಿಕ್ ಶೀಟ್ (ಗಾಜಿನಂಥ ಪ್ಲಾಸ್ಟಿಕ್) ಇಳಿಸಿದೆವು. 8 ಅಡಿಗೆ 4 ಅಡಿಯ ಮೂರು ಶೀಟ್, 5 ಎಂ.ಎಂ. ದಪ್ಪ. ಅಪ್ಪ ತಂದಿಟ್ಟು ಎಷ್ಟೋ ವರ್ಷ ಆಗಿದೆ. ಮೇಲೆ ಪತ್ರಾಸಿನ ಸೂರು. ಗೀರು ಬೀಳದಂತೆ ಕಂಪನಿಯವರೇ ಅಂಟಿಸಿರುವ ಬ್ರೌನ್ ಪೇಪರ್ ಎಳೆದರೆ ಚೂರು ಚೂರಾಗಿ ಹರಿಯುತ್ತದೆ, ಒಳಗಿನ ಪದರ ಶೀಟಿಗೇ ಕಚ್ಚಿಕೊಂಡಿದೆ. ಪೇಂಟ್ ಅಂಗಡಿಯವರು ಥಿನ್ನರ್ ಹಚ್ಚಿ ಅಂತಾರೆ. ಹಚ್ಚಬಹುದಾ ಸರ್?
— ಓದುಗರು, ಗುಳೇದಗುಡ್ಡ

ಉತ್ತರ: ಬೇಡವೇ ಬೇಡ. ಥಿನ್ನರ್ ಅಂಟನ್ನು ಕರಗಿಸುತ್ತದೆ ನಿಜ, ಜೊತೆಗೆ ನಿಮ್ಮ ಶೀಟನ್ನೂ ಕರಗಿಸುತ್ತದೆ. ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರವ, ಪೆಟ್ರೋಲ್ ಕೂಡ ಅದೇ ಜಾತಿ. ಅಕ್ರಿಲಿಕ್ ತುಂಡುಗಳನ್ನು ಜೋಡಿಸಲು ಕ್ಲೋರೋಫಾರ್ಮ್ ಬಳಸುವುದನ್ನು ನೀವು ಬೋರ್ಡ್ ಅಂಗಡಿಗಳಲ್ಲಿ ನೋಡಿರಬಹುದು. ಅದು ಅಂಟಲ್ಲ. ಎರಡೂ ಅಂಚುಗಳನ್ನು ಕರಗಿಸಿ ಒಂದು ಮಾಡುತ್ತದೆ, ಅಷ್ಟೇ. ಇಂಥದ್ದನ್ನು ಶೀಟಿನ ಮೈಮೇಲೆ ತಿಕ್ಕಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ ಅಲ್ವಾ?

ಹೊಸ ಶೀಟಿನ ಪೇಪರ್ ಒಂದು ಮೂಲೆ ಎತ್ತಿದರೆ ಸರ್ರನೆ ಬರುತ್ತದೆ. ನಿಮ್ಮದು ಬಾರದಿರುವುದಕ್ಕೆ ಕಾರಣ ಪತ್ರಾಸ್. ಪೇಪರ್ ಹಿಂದೆ ಇರುವುದು ರಬ್ಬರ್ ಥರದ ತೆಳು ಅಂಟು. ನಿಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಪತ್ರಾಸಿನ ಕೆಳಗೆ ಇನ್ನೂ ಜಾಸ್ತಿ. ವರ್ಷಗಟ್ಟಲೆ ಹಾಗೆ ಕಾದರೆ ಅಂಟು ತನ್ನ ಮೆದುತನ ಕಳೆದುಕೊಂಡು ಗಟ್ಟಿಯಾಗುತ್ತದೆ. ಪೇಪರ್ ಕೂಡ ಒಣಗಿ ಪುಡಿಪುಡಿ ಆಗುತ್ತದೆ. ಒಳಗಿನ ಶೀಟಿಗೆ ಮಾತ್ರ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. 5 ಎಂ.ಎಂ. ಶೀಟ್ ಈಗ ಕೊಳ್ಳಲು ಹೋದರೆ ರೇಟ್ ಕೇಳಿಯೇ ಸುಸ್ತಾಗುತ್ತೀರಿ. ಒಂದೆರಡು ದಿನದ ಶ್ರಮಕ್ಕೆ ಮೋಸವಿಲ್ಲ.

ಮೊದಲು ಶೋಕೇಸಿನ ಅಳತೆಗೆ ಕತ್ತರಿಸಿಕೊಳ್ಳಿ. ಪೇಪರ್ ಇರುವಾಗಲೇ ಕತ್ತರಿಸಿದರೆ ಗೀರು ಬೀಳುವುದಿಲ್ಲ, ಸಣ್ಣ ತುಂಡಾದರೆ ಬಿಡಿಸುವುದೂ ಸುಲಭ. ಉಳಿದ ಪಟ್ಟಿಯೊಂದನ್ನು ಬಗ್ಗಿಸಿ ನೋಡಿ, ಕಣ್ಣು ಮಾತ್ರ ಜೋಪಾನ. ಪಟ್ಟನೆ ಮುರಿದರೆ ಅಕ್ರಿಲಿಕ್. ಮುರಿಯದೆ ಬಾಗಿ ನಿಂತರೆ ಬಹುಶಃ ಪಾಲಿಕಾರ್ಬೊನೇಟ್ ಎಂಬ ಬೇರೆ ಪ್ಲಾಸ್ಟಿಕ್. ಆಗ ನಾನು ಮುಂದೆ ಹೇಳುವ ಎಣ್ಣೆ ಹಚ್ಚಬೇಡಿ, ಸೋಪಿನ ನೀರಿನಲ್ಲೇ ಮುಗಿಸಿ.

ಮೊದಲ ಸುತ್ತು ಬಿಸಿಗಾಳಿ. ತಲೆ ಒಣಗಿಸುವ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ತರಬೇಡಿ, ಅಕ್ರಿಲಿಕ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟ ಆಗುತ್ತದೆ. ಒಂದು ಮೂಲೆಯನ್ನು ಕೈ ಹಚ್ಚಿದರೆ ಚುರುಕ್ ಅನ್ನುವಷ್ಟು ಬಿಸಿ ಮಾಡಿ, ಪೇಪರ್ ಮೂಲೆ ಎತ್ತಿ, ಲಟ್ಟಣಿಗೆಗೋ ಪೈಪಿನ ತುಂಡಿಗೋ ಸುತ್ತುತ್ತಾ ನಿಧಾನ ಎಳೆಯಿರಿ. ಬೆರಳಲ್ಲಿ ಹಿಡಿದು ಎಳೆದರೆ ಒಂದೇ ಕಡೆ ಜಗ್ಗಿ ಹರಿಯುತ್ತದೆ. ಸುತ್ತಿದರೆ ಅಗಲಕ್ಕೂ ಸಮ ಬರುತ್ತದೆ. ಅದೃಷ್ಟ ಇದ್ದರೆ ಒಂದು ಶೀಟಾದರೂ ಇಷ್ಟಕ್ಕೇ ಬಿಡುತ್ತದೆ.

ಬಿಡದಿದ್ದರೆ ನೀರು. ಹಳೇ ಧೋತರವನ್ನು ಬೆಚ್ಚಗಿನ ಸೋಪು ನೀರಲ್ಲಿ ಅದ್ದಿ ಪೇಪರ್ ಮೇಲೆ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಂದೆರಡು ತಾಸು ಬಿಡಿ. ನೆಂದ ಪೇಪರನ್ನು ಹಳೇ ಎಟಿಎಂ ಕಾರ್ಡಿನಿಂದ ನೂಕಿ ತೆಗೆಯಿರಿ. ಬ್ಲೇಡು, ಚಾಕು, ಸ್ಟೀಲ್ ಜುಂಗು ಮುಟ್ಟಲೇಬೇಡಿ. ಅಕ್ರಿಲಿಕ್ ಗಾಜಿನಷ್ಟು ಗಟ್ಟಿಯಲ್ಲ, ಒಂದು ಗೀರು ಬಿತ್ತೆಂದರೆ ಶೋಕೇಸಿನ ಲೈಟ್ ಹಾಕಿದಾಗ ಅದೇ ಕಣ್ಣಿಗೆ ಹೊಡೆಯುತ್ತದೆ.

ಪೇಪರ್ ಹೋದ ಮೇಲೆ ಅಂಟು ಉಳಿಯುತ್ತದೆ. ಅಸಲಿ ಕೆಲಸ ಇಲ್ಲಿಂದ. ನೀರು ಅದನ್ನು ಏನೂ ಮಾಡುವುದಿಲ್ಲ. ಅದಕ್ಕೆ ಬೇಕಾದ್ದು ಚಿಮಣಿ ಎಣ್ಣೆ, ಅದೇ ಸೀಮೆಎಣ್ಣೆ. ಇದು ರಬ್ಬರ್ ಅಂಟನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಅಕ್ರಿಲಿಕ್ಕನ್ನು ಕರಗಿಸುವುದಿಲ್ಲ. ನೀಲಿ ಎಣ್ಣೆಗಿಂತ ಬಣ್ಣವಿಲ್ಲದ ಬಿಳಿ ಎಣ್ಣೆ ಸಿಕ್ಕರೆ ಒಳ್ಳೆಯದು. ಈಗ ರೇಶನ್ನಿನಲ್ಲಿ ಸಿಗುವುದು ಕಷ್ಟ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ನೋಡಿ. ಸಿಗದಿದ್ದರೆ ಅಡುಗೆಮನೆಯ ಶೇಂಗಾ ಎಣ್ಣೆಯೂ ಆದೀತು, ಆದರೆ ರಾತ್ರಿಯಿಡೀ ಬಿಡಬೇಕು. ಟರ್ಪೆಂಟೈನ್ ಹೆಸರಿನಲ್ಲಿ ಏನೇನೋ ಮಾರುತ್ತಾರೆ, ಅದರ ಗೋಜು ಬೇಡ. ಯಾವ ಎಣ್ಣೆಯಾದರೂ ಮೊದಲು ಮುರಿದು ನೋಡಿದ ಪಟ್ಟಿಯ ಮೇಲೆ ಹಚ್ಚಿ ಒಂದು ತಾಸು ಕಾಯಿರಿ. ಮಂಕಾಗದಿದ್ದರೆ, ಬಿರುಕು ಕಾಣದಿದ್ದರೆ ಮುಂದುವರಿಯಿರಿ.

ಬ್ರಷ್‌ನಲ್ಲಿ ತೆಳ್ಳಗೆ ಹಚ್ಚಿ, ಆರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಅರ್ಧ ತಾಸಿನ ನಂತರ ಹೆಬ್ಬೆರಳಿಂದ ತಿಕ್ಕಿ ನೋಡಿ: ಅಂಟು ಶಾವಿಗೆ ಎಳೆಯ ಹಾಗೆ ಹೊಸೆದುಕೊಂಡು ಬರಬೇಕು. ಬರುತ್ತಿದೆ ಎಂದರೆ ಕಾಲ ಕೂಡಿ ಬಂತು, ಮೆತ್ತನೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಇನ್ನೂ ಜಿಗಿಜಿಗಿ ಅಂದರೆ ಮತ್ತೊಂದು ಸಲ ಹಚ್ಚಿ ಕಾಯಿರಿ. ಜೋರಾಗಿ ತಿಕ್ಕಿದರೆ ಕೈ ನೋಯುತ್ತದೆ, ಅಂಟು ಅಲ್ಲೇ ಸವರಿಕೊಳ್ಳುತ್ತದೆ.

ಒಂದು ಮಾತು. 40 ಡಿಗ್ರಿ ಆಸುಪಾಸಿನಲ್ಲೇ ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬೆಳಗಿನ ತಂಪಲ್ಲಿ, ಬಯಲಲ್ಲಿ ಮಾಡಿ. ಬೀಡಿ, ಒಲೆ ದೂರ ಇರಲಿ. ಎಣ್ಣೆ ಹಚ್ಚಿದ ಮೇಲೆ ಹೇರ್ ಡ್ರೈಯರ್ ಮುಟ್ಟುವಂತಿಲ್ಲ. ಒರೆಸಿದ ಬಟ್ಟೆಗಳನ್ನು ಅಂಗಡಿಯ ಖಣದ ರಾಶಿ ಹತ್ತಿರ ಎಸೆಯಬೇಡಿ.

ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಎರಡು ಸಲ ತೊಳೆಯಿರಿ. ಬೋರಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಸುತ್ತದೆ, ಕಡೆಯ ಸಲಕ್ಕೆ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಕರೆಂಟ್ ಹುಟ್ಟಿ ಧೂಳೆಲ್ಲ ಓಡಿ ಬರುತ್ತದೆ, ಸುಮ್ನೆ ಒತ್ತಿ ಒತ್ತಿ ನೀರು ತೆಗೆಯಿರಿ.

ಪ್ರಶ್ನೆ: ಬೆಳಗಾವಿಯಲ್ಲಿ ಲೇಸರ್ ಕಟಿಂಗ್ ಮಾಡುತ್ತೇನೆ. ರಾಜ್ಯೋತ್ಸವಕ್ಕೆಂದು ಅಕ್ರಿಲಿಕ್ ಸ್ಮರಣಿಕೆ ಮಾಡಿದ್ದೆ. ಪೇಪರಿನ ಅಂಟು ಉಳಿದಿತ್ತು ಎಂದು ಸ್ಯಾನಿಟೈಸರ್‌ನಿಂದ ಒರೆಸಿದೆ. ಮರುದಿನ ಅಂಚಿನ ತುಂಬ ಕೂದಲಿನಂಥ ಬಿರುಕು. ಶೀಟ್ ಕಳಪೆಯೇ?
— ಓದುಗರು, ಬೆಳಗಾವಿ

ಉತ್ತರ: ಶೀಟಿನ ಮೇಲೆ ತಪ್ಪು ಹೊರಿಸಬೇಡಿ. ಲೇಸರ್ ಅಂಚನ್ನು ಕರಗಿಸಿ ಕತ್ತರಿಸುತ್ತದೆ. ಕರಗಿದ ಅಂಚು ತಣಿಯುವಾಗ ಕುಗ್ಗಲು ನೋಡುತ್ತದೆ, ಒಳಗಿನ ಗಟ್ಟಿ ಭಾಗ ಬಿಡುವುದಿಲ್ಲ. ಆ ಜಗ್ಗಾಟ ಅಂಚಿನಲ್ಲೇ ಉಳಿದುಬಿಡುತ್ತದೆ. ಅಲ್ಲಿಗೆ ಸ್ಯಾನಿಟೈಸರಿನ ಆಲ್ಕೋಹಾಲ್ ಇಳಿದರೆ ಬಿರುಕಾಗಿ ಹೊರಬರುತ್ತದೆ. ಅದೇ ಸ್ಯಾನಿಟೈಸರ್ ಶೀಟಿನ ನಡುವೆ ಬಿದ್ದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಬಿದ್ದ ಬಿರುಕು ಕೂಡುವುದಿಲ್ಲ. ಅಷ್ಟು ಅಂಚು ಕತ್ತರಿಸಿ ತೆಗೆಯಬೇಕು, ಇಲ್ಲವೇ ಆ ಪೀಸ್ ಬಿಡಬೇಕು.

ಮುಂದಿನ ಸಲ ಲೇಸರ್ ಅಂಚಿಗೆ ಸೋಪು ನೀರು ಮಾತ್ರ. ದೊಡ್ಡ ಆರ್ಡರ್ ಇದ್ದರೆ ಕತ್ತರಿಸಿದ ತುಂಡುಗಳನ್ನು 80 ಡಿಗ್ರಿ ಓವನ್ನಿನಲ್ಲಿ ದಪ್ಪಕ್ಕೆ ತಕ್ಕಷ್ಟು ಹೊತ್ತು ಇಟ್ಟು, ಬಾಗಿಲು ತೆರೆಯದೆ ನಿಧಾನ ತಣಿಸುವ ಪದ್ಧತಿ ಇದೆ. ಆ ಜಗ್ಗಾಟ ಸಡಿಲಾಗುತ್ತದೆ. ಮನೆಯ ಓವನ್ನಿನ ಶಾಖ ನಂಬುವ ಹಾಗಿಲ್ಲ, ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಸಣ್ಣ ಅಕ್ಷರಗಳ ಮೇಲಿನ ಪೇಪರ್ ಉಗುರಲ್ಲಿ ಕೆರೆಯುತ್ತಾ ಕೂರಬೇಡಿ. ಅಗಲದ ಪ್ಯಾಕಿಂಗ್ ಟೇಪ್ ಮೇಲೆ ಒತ್ತಿ ಎಳೆದರೆ ಹತ್ತಾರು ಅಕ್ಷರದ ಪೇಪರ್ ಒಟ್ಟಿಗೇ ಬರುತ್ತದೆ.

ಪ್ರಶ್ನೆ: ಅಂಟು ತೆಗೆಯಲು ಉಗುರುಬಣ್ಣದ ರಿಮೂವರ್ ಹಾಕಿ ನೇಮ್‌ಪ್ಲೇಟ್ ಬೆಳ್ಳಗೆ ಮಂಜಾಗಿದೆ. ಸರಿ ಹೋಗುತ್ತದಾ?
— ಓದುಗರು, ವಿಜಯಪುರ

ಉತ್ತರ: ಮೈ ಕರಗಿ ಮಂಕಾಗಿದೆ, ಒರೆಸಿದರೆ ಹೋಗಲ್ಲ. ಮಂಕು ಮೇಲ್ಮೇಲೆ ಇದ್ದರೆ 800, 1200, 2000 ನಂಬರಿನ ವಾಟರ್ ಪೇಪರಿನಿಂದ (ನೀರು ತಾಳುವ ಮರಳು ಕಾಗದ) ನೀರು ಹಾಕುತ್ತಾ ಕ್ರಮವಾಗಿ ತಿಕ್ಕಿ, ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ. ಅಕ್ಷರ ಇರುವ ಬದಿಯಾದರೆ ಇದು ಆಗದು. ಹಿಂಬದಿಯಷ್ಟೇ ಹಾಳಾಗಿದ್ದರೆ ಮಾತ್ರ ಒಂದು ಉಪಾಯ: ಇಡೀ ಹಿಂಬದಿಯನ್ನೇ 400 ನಂಬರಿನಲ್ಲಿ ಸಮನಾಗಿ ಉಜ್ಜಿಬಿಡಿ. ಹಾಲುಗಾಜಿನಂತೆ ಕಾಣುತ್ತದೆ, ಬೇಕೆಂದೇ ಮಾಡಿಸಿದ್ದು ಅಂದುಕೊಳ್ಳುತ್ತಾರೆ.