ಓದುಗರ ಪ್ರಶ್ನೆ: ನೆಚ್ಚಿನ ಕಾರು, ನಿಧಾನದ ದಾರಿ

ನೆಚ್ಚಿನ ಕಾರು ಮತ್ತು ಮರೆಯಲಾಗದ ಪ್ರಯಾಣಗಳ ಬಗ್ಗೆ ಬರೆಯಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳನ್ನೆಲ್ಲ ಓದಿ ಮುಗಿಸಿದಾಗ ಒಂದು ಅಂಶ ಎದ್ದು ಕಂಡಿತು: ತಮ್ಮ ಕಾರು ಎಷ್ಟು ವೇಗವಾಗಿ ಓಡುತ್ತಿತ್ತೆಂದು ಯಾರೂ ಬರೆದಿಲ್ಲ. ವಾಸನೆ, ಸದ್ದು, ತಿರುವು, ಪಕ್ಕದಲ್ಲಿ ಕುಳಿತವರು, ಪತ್ರಗಳ ತುಂಬ ಇವೇ ಇವೆ. ಆಯ್ದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಅಪ್ಪನ ಕಾರನ್ನು ಮಾರಿ ಇಪ್ಪತ್ತೈದು ವರ್ಷಗಳಾದವು. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಅಂದಿನ ಪ್ರಯಾಣವೆಲ್ಲ ಕಣ್ಣೆದುರು ಬರುತ್ತದೆ. ಫೋಟೊ ನೋಡಿದಾಗ ಹಾಗಾಗುವುದಿಲ್ಲ. ಏಕೆ? ಅದೇ ಮಾದರಿಯ ಕಾರನ್ನು ಹುಡುಕಿ ಕೊಳ್ಳುವ ಆಸೆಯಿದೆ; ಕೊಳ್ಳಬಹುದೇ?

ಉತ್ತರ: ಕಣ್ಣು, ಕಿವಿ, ಚರ್ಮಗಳಿಂದ ಬರುವ ಸುದ್ದಿಯು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದಕ್ಕೆ ಹೋಗುತ್ತದೆ. ವಾಸನೆಗೆ ಆ ತಪಾಸಣೆಯ ಗೇಟು ಇಲ್ಲ. ಅದು ಭಾವನೆಗಳನ್ನು ನೋಡಿಕೊಳ್ಳುವ ಅಮಿಗ್ಡಲಾ ಮತ್ತು ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಇರುವ ಕಡೆಗೆ ಹೆಚ್ಚು ನೇರವಾದ ದಾರಿಯಲ್ಲೇ ತಲುಪುತ್ತದೆ. ಆದ್ದರಿಂದಲೇ ವಾಸನೆ ತರುವ ನೆನಪು ಹಳೆಯದಾಗಿಯೂ ಭಾವಭರಿತವಾಗಿಯೂ ಇರುತ್ತದೆ.

ಸ್ಪರ್ಶವೂ ಹಾಗೆಯೇ ಉಳಿಯುವುದುಂಟು. ನಮ್ಮ ಮನೆಯಲ್ಲಿದ್ದ ಫಿಯಟ್ 1100ರಲ್ಲಿ ಗೇರಿನ ಹಿಡಿ ನೆಲದ ಮೇಲಿರದೆ ಸ್ಟೀರಿಂಗಿನ ಪಕ್ಕದಲ್ಲಿತ್ತು. ಹಿಡಿಯ ತುದಿಯ ಗುಂಡು ಅಪ್ಪನ ಅಂಗೈ ತಗಲಿ ತಗಲಿ ಒಂದು ಬದಿಯಲ್ಲಿ ಮಾತ್ರ ನುಣುಪಾಗಿತ್ತು. ಕಾರು ನಿಂತಿದ್ದಾಗ ನಾನು ಕದ್ದು ಕುಳಿತು, ಆ ನುಣುಪಾದ ಜಾಗಕ್ಕೆ ಸರಿಯಾಗಿ ನನ್ನ ಚಿಕ್ಕ ಅಂಗೈಯನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದೆ. ಆ ಕಾರು ಈಗ ಯಾರ ಬಳಿ ಇದೆಯೋ ತಿಳಿಯದು, ಆದರೆ ಕಣ್ಣು ಮುಚ್ಚಿದರೆ ಆ ನುಣುಪು ಇಂದಿಗೂ ಕೈಗೆ ಸಿಗುತ್ತದೆ.

ಕೊಳ್ಳುವ ಮಾತಿಗೆ ಬಂದರೆ, ಮೊದಲು ಅಂಥ ಕಾರಿನ ಮಾಲೀಕರೊಬ್ಬರ ಪರಿಚಯ ಮಾಡಿಕೊಂಡು ಅರ್ಧ ದಿನ ಅವರ ಪಕ್ಕ ಕುಳಿತು ಹೋಗಿ ಬನ್ನಿ. ಆಸೆ ಅಲ್ಲಿಗೇ ತಣಿದರೂ ತಣಿಯಬಹುದು, ಅದರಲ್ಲಿ ತಪ್ಪೇನಿಲ್ಲ. ಕೊಳ್ಳಲೇಬೇಕೆನಿಸಿದರೆ ಎಂಜಿನ್‌ಗಿಂತ ಮೊದಲು ತಳಭಾಗವನ್ನು ನೋಡಿ: ನೆಲದ ತಗಡು, ಬಾಗಿಲುಗಳ ಕೆಳಗಿನ ಅಂಚು, ಚಕ್ರದ ಗೂಡಿನ ಒಳಬದಿ. ಎಂಜಿನ್ನನ್ನು ಬಿಚ್ಚಿ ರಿಪೇರಿ ಮಾಡಿಸಬಹುದು, ಆದರೆ ತುಕ್ಕು ತಿಂದ ಒಡಲನ್ನು ಸರಿಪಡಿಸುವುದು ಅದಕ್ಕಿಂತ ಕಷ್ಟದ ಕೆಲಸ. ಬಹುಕಾಲ ನಿಂತೇ ಇದ್ದ ಕಾರಾದರೆ ಬ್ರೇಕಿನ ಹೋಸ್, ಪೆಟ್ರೋಲ್ ಪೈಪು ಮತ್ತು ಟೈರುಗಳನ್ನು ಬದಲಾಯಿಸದೆ ರಸ್ತೆಗೆ ಇಳಿಸಬೇಡಿ. ಟೈರು ಸವೆಯದಿದ್ದರೂ ಅದರ ರಬ್ಬರಿಗೆ ವಯಸ್ಸಾಗಿರುತ್ತದೆ.

ಪ್ರಶ್ನೆ: ಬೀಟಲ್, ಮಿನಿ, ಪುಟ್ಟ ಫಿಯಟ್ 500 ಮುಂತಾದ ಕಡಿಮೆ ಶಕ್ತಿಯ ಸಣ್ಣ ಕಾರುಗಳ ಮೇಲೆಯೇ ಜನರಿಗೆ ಇಷ್ಟೊಂದು ಮಮತೆ ಏಕೆ?

ಉತ್ತರ: ಒಂದು ಕಾರಣ ಸಂಖ್ಯೆ. ಮೆಕ್ಸಿಕೊದ ಪುಎಬ್ಲಾದಲ್ಲಿ 2003ರಲ್ಲಿ ಕೊನೆಯ ಹಳೆಯ ಬೀಟಲ್ ತಯಾರಾಗುವ ಹೊತ್ತಿಗೆ ಒಟ್ಟು 2.1 ಕೋಟಿಗೂ ಹೆಚ್ಚು ಕಾರುಗಳು ಹೊರಬಂದಿದ್ದವು. ಎಷ್ಟೋ ಕುಟುಂಬಗಳಿಗೆ ಅದೇ ಮೊದಲ ಕಾರು, ಮೊದಲ ಕಾರಿನ ಮೇಲಿನ ಪ್ರೀತಿಗೆ ಬೇರೆ ವಿವರಣೆ ಬೇಕಿಲ್ಲ.

ಇನ್ನೊಂದು ಕಾರಣ ಅವುಗಳ ಹಿಂದಿದ್ದ ಬುದ್ಧಿವಂತಿಕೆ. 1959ರಲ್ಲಿ ಬಂದ ಮಿನಿಯನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿ ಕೂರಿಸಿದರು, ಗೇರ್‌ಬಾಕ್ಸನ್ನು ಅದರ ಕೆಳಗೇ ಇಟ್ಟು ಎರಡಕ್ಕೂ ಒಂದೇ ಎಣ್ಣೆ ಸಾಕಾಗುವಂತೆ ಮಾಡಿದರು, ಹತ್ತು ಇಂಚಿನ ಚಕ್ರಗಳನ್ನು ನಾಲ್ಕು ಮೂಲೆಗಳಿಗೆ ಸರಿಸಿದರು. ಹೀಗಾಗಿ ಸುಮಾರು ಮೂರು ಮೀಟರ್ ಉದ್ದದ ಕಾರಿನಲ್ಲಿ ನಾಲ್ಕು ಜನ ಕುಳಿತುಕೊಳ್ಳಲು ಜಾಗ ಸಿಕ್ಕಿತು. ಇಂದು ಬೀದಿಯಲ್ಲಿ ಕಾಣುವ ಸಣ್ಣ ಕಾರುಗಳಲ್ಲಿ ಬಹುಪಾಲು ಎಂಜಿನ್ನನ್ನು ಅಡ್ಡಲಾಗಿಯೇ ಕೂರಿಸುತ್ತವೆ. ದಾಂತೆ ಜಾಕೋಸಾ ರೂಪಿಸಿದ 1957ರ ಫಿಯಟ್ 500ರಲ್ಲಿ ಇದ್ದದ್ದು 479 ಸಿಸಿಯ ಎರಡು ಸಿಲಿಂಡರಿನ ಎಂಜಿನ್ ಮಾತ್ರ.

ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಬೇರೆಯೇ ಇದೆ. ಇಂಥ ಕಾರುಗಳಲ್ಲಿ ಚಾಲಕನಿಗೆ ಕೆಲಸವಿತ್ತು. ಪವರ್ ಸ್ಟೀರಿಂಗ್ ಇಲ್ಲದ್ದರಿಂದ ಮುಂದಿನ ಚಕ್ರಗಳು ತುಳಿಯುವ ಪ್ರತಿ ಕಲ್ಲಿನ ಸುದ್ದಿಯೂ ಅಂಗೈಗೆ ಬರುತ್ತಿತ್ತು, ತಿರುವಿನಲ್ಲಿ ಚಕ್ರ ಎಷ್ಟು ಹಿಡಿತ ಇಟ್ಟುಕೊಂಡಿದೆಯೆಂದು ಸ್ಟೀರಿಂಗಿನ ಬಿಗಿಯಿಂದಲೇ ತಿಳಿಯುತ್ತಿತ್ತು. ಏರು ಬರುವ ಮೊದಲೇ ಗೇರು ಇಳಿಸದಿದ್ದರೆ ಕಾರು ಅರ್ಧದಲ್ಲಿ ಮುಗ್ಗರಿಸುತ್ತಿತ್ತು. ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲೇ ಕೈ, ಕಾಲು, ಕಿವಿಗಳೆಲ್ಲ ತೊಡಗಿಕೊಂಡಿರುತ್ತಿದ್ದವು. ಹೀಗೆ ಮೈಯೆಲ್ಲ ಸೇರಿ ಮಾಡಿದ ಕೆಲಸವು ಸುಲಭಕ್ಕೆ ಮರೆತುಹೋಗುವುದಿಲ್ಲ.

ಪ್ರಶ್ನೆ: ಜೀವನದಲ್ಲಿ ಒಮ್ಮೆಯಾದರೂ ಓಡಿಸಬೇಕಾದ ಸುಂದರ ರಸ್ತೆಗಳನ್ನು ಹೇಳುವಿರಾ?

ಉತ್ತರ: ಮೊದಲ ಹೆಸರು ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್. ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ ಸಲಿಕೆಗಳಿಂದ ಕಡಲ ಬಂಡೆಗಳ ಅಂಚನ್ನು ಕಡಿದು ಇದನ್ನು ಮಾಡಿದರು, ಯುದ್ಧದಲ್ಲಿ ಮಡಿದ ಸಂಗಾತಿಗಳಿಗೆ ಅದನ್ನು ಸ್ಮಾರಕವಾಗಿ ಅರ್ಪಿಸಿದರು. ಇಷ್ಟನ್ನು ತಿಳಿದು ಹೋದರೆ ಪ್ರತಿ ತಿರುವಿನಲ್ಲೂ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ. ಒಂದು ಕಿವಿಮಾತು: ಅಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ರಸ್ತೆಯ ಪೂರ್ವ ತುದಿಯಲ್ಲಿರುವ ಟೊರ್ಕಿ ಊರಿನಿಂದ ಪಶ್ಚಿಮಕ್ಕೆ ಹೊರಡಿ, ಆಗ ಕಡಲು ನಿಮ್ಮ ಬದಿಯಲ್ಲೇ ಇರುತ್ತದೆ. ಬಲಬದಿಯಲ್ಲಿ ಓಡಿಸುವ ಕ್ಯಾಲಿಫೋರ್ನಿಯಾದ ಕರಾವಳಿ ರಸ್ತೆಯಲ್ಲಿ ಇದೇ ಕಾರಣಕ್ಕೆ ಉತ್ತರದಿಂದ ದಕ್ಷಿಣಕ್ಕೆ ಬರಬೇಕು. ದಿಕ್ಕು ತಪ್ಪಿದರೆ ನಡುವೆ ಎದುರು ವಾಹನಗಳ ಸಾಲು ಬರುತ್ತದೆ, ನಿಲ್ಲಿಸಬೇಕೆಂದಾಗಲೆಲ್ಲ ರಸ್ತೆ ದಾಟಬೇಕಾಗುತ್ತದೆ.

ಎರಡನೆಯದು ಅಮೆರಿಕದ ಬ್ಲೂ ರಿಜ್ ಪಾರ್ಕ್‌ವೇ. ಸುಮಾರು 755 ಕಿಲೋಮೀಟರ್ ಉದ್ದದ ಈ ರಸ್ತೆಯ ಕೆಲಸ 1935ರಲ್ಲಿ ಆರಂಭವಾಗಿ 1987ರಲ್ಲಿ ಪೂರ್ಣಗೊಂಡಿತು. ಕೊನೆಗೆ ಉಳಿದದ್ದು ಗ್ರ್ಯಾಂಡ್‌ಫಾದರ್ ಬೆಟ್ಟದ ಸೆರಗು. ಅದನ್ನು ಕಡಿಯಬಾರದೆಂದು ಕಾಂಕ್ರೀಟಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತ, ಬೆಟ್ಟದ ಬದಿಗೆ ಲಿನ್ ಕೋವ್ ಸೇತುವೆಯನ್ನು ಕಟ್ಟಿದರು. ಅಲ್ಲಿ ಗರಿಷ್ಠ ವೇಗ ಗಂಟೆಗೆ ಸುಮಾರು 72 ಕಿಲೋಮೀಟರ್, ಸರಕು ಲಾರಿಗಳಿಗೆ ಪ್ರವೇಶವಿಲ್ಲ. ನೋಡುತ್ತ ಹೋಗುವುದಕ್ಕೆಂದೇ ಮಾಡಿದ ರಸ್ತೆ ಎಂದರೆ ಇದೇ.

ಇಟಲಿಯ ಸ್ಟೆಲ್ವಿಯೊ ಘಾಟಿ 2,757 ಮೀಟರ್ ಎತ್ತರದಲ್ಲಿದೆ, ಒಂದು ಬದಿಯಲ್ಲಿ 48 ಹೇರ್‌ಪಿನ್ ತಿರುವುಗಳಿದ್ದು ಪ್ರತಿಯೊಂದಕ್ಕೂ ಸಂಖ್ಯೆ ಹಾಕಿದ್ದಾರೆ. ನಸುಕಿನಲ್ಲೇ ಹೊರಡಿ, ಹೊತ್ತೇರಿದರೆ ಬೈಕು ಸೈಕಲ್ಲುಗಳ ನಡುವೆ ಬೆಟ್ಟವನ್ನು ನೋಡಲು ಬಿಡುವೇ ಸಿಗದು. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ.

ಪ್ರಶ್ನೆ: ತಿರುವುಗಳು ಬಂದರೆ ಮಗಳಿಗೆ ವಾಂತಿ. ಪ್ರಯಾಣವೇ ಬೇಡವೆನ್ನುತ್ತಾಳೆ.

ಉತ್ತರ: ಒಳಕಿವಿಯು ಮೈ ತಿರುಗುತ್ತಿದೆ ಎನ್ನುತ್ತದೆ, ಪುಸ್ತಕವನ್ನೋ ಫೋನನ್ನೋ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ, ಈ ತಾಕಲಾಟವೇ ವಾಂತಿಗೆ ಕಾರಣ. ಮುಂದಿನ ಗಾಜಿನಾಚೆ ದೂರದ ರಸ್ತೆ ಕಾಣುವಂತೆ ಕೂರಿಸಿ, ಕಿಟಕಿ ಸ್ವಲ್ಪ ತೆರೆದಿಡಿ, ತಿರುವಿಗೆ ಬರುವ ಮೊದಲೇ ಮೆಲ್ಲನೆ ಬ್ರೇಕು ಹಾಕಿ.

ಪ್ರಶ್ನೆ: ಹಳೆಯ ಕಾರುಗಳು ಘಾಟಿ ಹತ್ತುವಾಗ ಕುದಿಯುತ್ತಿದ್ದವು, ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಏಕೆ?

ಉತ್ತರ: ಹತ್ತುವಾಗ ಎಂಜಿನ್ ಹೆಚ್ಚು ದುಡಿಯುತ್ತದೆ, ಆದರೆ ಕಾರು ನಿಧಾನವಾಗಿರುವುದರಿಂದ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ಅಂದಿನ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ ಜತೆಗೇ ತಿರುಗುತ್ತಿದ್ದುದರಿಂದ ಎಂಜಿನ್ ನಿಧಾನವಾದರೆ ಅದೂ ನಿಧಾನವಾಗುತ್ತಿತ್ತು; ಜತೆಗೆ ಎತ್ತರ ಹೆಚ್ಚಿದಂತೆ ನೀರು ಬೇಗ ಕುದಿಯುತ್ತದೆ. ಸಣ್ಣ ಗೇರಿನಲ್ಲಿ ಹತ್ತಿ, ಕಾವು ಏರಿದರೆ ನಿಲ್ಲಿಸಿ ಆರಲು ಬಿಡಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಖಂಡಿತ ತೆರೆಯಬೇಡಿ. ಇಳಿಯುವಾಗಲೂ ಸಣ್ಣ ಗೇರಿನಲ್ಲೇ ಇದ್ದು ಎಂಜಿನ್ನಿನ ತಡೆಯನ್ನು ಬಳಸಿಕೊಂಡರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುವುದಿಲ್ಲ.

ಈ ಎರಡು ತೊಂದರೆಗಳು ಕಾರಿನಷ್ಟೇ ಹಳೆಯವು. 1888ರಲ್ಲಿ ಬೆರ್ಟಾ ಬೆಂಜ್ ಇಬ್ಬರು ಗಂಡುಮಕ್ಕಳೊಂದಿಗೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು ನೂರು ಕಿಲೋಮೀಟರ್, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ವಾಹನವನ್ನು ಅವರಿಗೆ ತಿಳಿಸದೆ ಓಡಿಸಿಕೊಂಡು ಹೋದಾಗ, ಏರಿನಲ್ಲಿ ಗಾಡಿಯನ್ನು ತಳ್ಳಬೇಕಾಯಿತು, ಇಳಿಜಾರಿನಲ್ಲಿ ಸವೆದ ಬ್ರೇಕಿಗೆ ಚಮ್ಮಾರರಿಂದ ತೊಗಲು ಹೊಡೆಸಬೇಕಾಯಿತು. ಮರಳಿ ಬಂದ ಮೇಲೆ, ಏರಿಗೆಂದು ಇನ್ನೊಂದು ಸಣ್ಣ ಗೇರು ಬೇಕೆಂದು ಆಕೆಯೇ ಸೂಚಿಸಿದಳು.

ಪ್ರಶ್ನೆ: ನಮ್ಮ ತಂದೆಗೆ ಎಂಬತ್ತೆರಡು ವರ್ಷ. ಕಣ್ಣು ಮಂದವಾದದ್ದರಿಂದ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ, ಅಂದಿನಿಂದ ಮಂಕಾಗಿದ್ದಾರೆ. ಅವರು ಹಿಂದೆ ನಮ್ಮನ್ನು ಕರೆದೊಯ್ಯುತ್ತಿದ್ದ ಬೆಟ್ಟದ ದಾರಿಯಲ್ಲಿ ಈಗ ಅವರನ್ನು ಕರೆದೊಯ್ಯಬೇಕೆಂದಿದ್ದೇನೆ. ಹೇಗೆ ಹೋಗುವುದು ಒಳ್ಳೆಯದು?

ಉತ್ತರ: ಹೊಸ ಹೆದ್ದಾರಿ ಬಂದಿದ್ದರೂ ಹಳೆಯ ದಾರಿಯಲ್ಲೇ ಹೋಗಿ. ತಂದೆಯವರನ್ನು ಹಿಂದಿನ ಸೀಟಿನಲ್ಲಿ ಮಲಗಿಸದೆ ಮುಂದೆ ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಡು ಬೇಡ, ದಾರಿ ತೋರಿಸುವ ಫೋನಿನ ಧ್ವನಿಯೂ ಬೇಡ, ದಾರಿಯನ್ನು ಅವರೇ ಹೇಳಲಿ. ಗಾಜು ಇಳಿಸಿಡಿ, ಕಣ್ಣಿಗೆ ಮಂಜಾದದ್ದು ಗಾಳಿಯಲ್ಲಿ, ವಾಸನೆಯಲ್ಲಿ, ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಸಿಗುತ್ತದೆ. ನಿಮ್ಮದು ಕೈಯಿಂದ ಗೇರು ಹಾಕುವ ಕಾರಾದರೆ ಇನ್ನೂ ಒಳ್ಳೆಯದು: ಏರು ಶುರುವಾದಾಗ ನೀವಾಗಿ ಗೇರು ಇಳಿಸಬೇಡಿ, ಎಂಜಿನ್ನಿನ ಸದ್ದು ಭಾರವಾಗುವವರೆಗೆ ಒಂದು ಕ್ಷಣ ಕಾಯಿರಿ. ಅಷ್ಟರಲ್ಲಿ ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿರುತ್ತದೆ, "ಸೆಕೆಂಡ್ ಹಾಕು" ಎಂಬ ಮಾತೂ ಬರುತ್ತದೆ. ಆಗ ಹಾಕಿ.