ಪುಣೆಯಲ್ಲಿ ದಿನಾ ಆಫೀಸಿಗೆ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್: ಯಾವುದು ತಗೊಳ್ಳಲಿ, ಏನೇನು ಬದಲಿಸಲಿ?

ಖಂಡಿತ ಓಡಿಸಬಹುದು. ನಾನು ಬೆಳಗಾವಿಯವನು, ಪುಣೆಗೆ ಬಂದು ವರ್ಷಗಳಾದವು, ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ವಿ3 ಮೇಲೇ ದಿನಾ ಆಫೀಸಿಗೆ ಹೋಗಿಬರುತ್ತೇನೆ. ನೀವು ಹುಬ್ಬಳ್ಳಿಯಿಂದ ಹೊಸದಾಗಿ ಬಂದಿದ್ದೀರಿ, ಮನೆ ವಾಕಡ್, ಕೆಲಸ ಹಿಂಜವಡಿ. ಹಳೇ ಆರ್15 ಅಥವಾ ಕೆಟಿಎಂ ಆರ್‌ಸಿ 390 ತಗೊಂಡು, ಹ್ಯಾಂಡಲ್ ಎತ್ತರಿಸಿ, ಸೈಲೆನ್ಸರ್ ಬದಲಿಸಿ ದಿನಬಳಕೆಗೆ ಹೊಂದಿಸಿಕೊಳ್ಳಬಹುದಾ, ಗಾಡಿ ಇಲ್ಲೇ ನೋಡಲಾ ಅಥವಾ ಊರಿಂದ ತರಲಾ ಅಂತ ಕೇಳಿದ್ದೀರಿ.

ಕಂಪನಿಯಿಂದ ಬಂದ ಹಾಗೇ ಇರುವ, ಯಾರೂ ಕೈ ಹಾಕದ ಗಾಡಿ ಹುಡುಕಿ. ಬದಲಾವಣೆಗೆ ಅಂತ ಎತ್ತಿಟ್ಟ ದುಡ್ಡನ್ನು ಗಾಡಿ ನಿಮ್ಮ ಮೈಗೆ ಹೊಂದುವುದಕ್ಕೆ, ಟೈರಿಗೆ, ಬ್ರೇಕಿಗೆ ಹಾಕಿ. ಸದ್ದಿಗೆ ಒಂದು ರೂಪಾಯಿಯೂ ಬೇಡ. "ಫುಲ್ ಮಾಡಿಫೈಡ್, ಇಷ್ಟು ಸಾವಿರ ಸುರಿದಿದ್ದೇನೆ" ಅಂತ ಜಾಹೀರಾತಿನಲ್ಲಿ ಬರೆದಿದ್ದರೆ ಅದಕ್ಕೆ ಜಾಸ್ತಿ ಕೊಡಬೇಡಿ, ಕಮ್ಮಿಗೆ ಕೇಳಿ. ಯಾಕಂದ್ರೆ ವೈರಿಂಗ್ ಎಲ್ಲಿ ಕತ್ತರಿಸಿ ಟೇಪ್ ಸುತ್ತಿದ್ದಾರೆ, ಯಾವ ಬೋಲ್ಟ್ ಬದಲಿಗೆ ಯಾವುದನ್ನು ಹಾಕಿದ್ದಾರೆ ಅನ್ನುವುದು ಫೇರಿಂಗ್ (ಗಾಡಿಯ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ) ಒಳಗೆ ಇರುತ್ತದೆ, ನಿಮಗೆ ಕಾಣುವುದಿಲ್ಲ. ಒರಿಜಿನಲ್ ಸೈಲೆನ್ಸರ್, ಮಡ್‌ಗಾರ್ಡ್, ಮಿರರ್ ಎಲ್ಲಾ ಮನೆಯಲ್ಲಿ ಇವೆಯಾ ಅಂತ ಕೇಳಿ. ಇದ್ದರೆ ಗಾಡಿ ಜೊತೆಗೇ ತಗೊಳ್ಳಿ. ಇಲ್ಲ ಅಂದರೆ ಅವುಗಳ ಶೋರೂಮ್ ಬೆಲೆ ವಿಚಾರಿಸಿ, ಅಷ್ಟನ್ನು ಗಾಡಿ ರೇಟಿನಲ್ಲಿ ಕಳೆಯಿರಿ.

ಈಗ ಎರಡರಲ್ಲಿ ಯಾವುದು. ಆರ್‌ಸಿ 390 ತಯಾರಾಗುವುದೇ ಇಲ್ಲಿ ಪಕ್ಕದ ಚಾಕಣದ ಬಜಾಜ್ ಕಾರ್ಖಾನೆಯಲ್ಲಿ, ಪುಣೆಯಲ್ಲಿ ಆ ಗಾಡಿ ಬಲ್ಲ ಮೆಕ್ಯಾನಿಕ್‌ಗಳಿಗೆ ಕೊರತೆ ಇಲ್ಲ. 373 ಸಿಸಿ, 43 ಪಿಎಸ್ ಮೇಲೆ ಪವರ್. ರಸ್ತೆ ಖಾಲಿ ಇದ್ದರೆ ಅದರ ಮಜಾ ಬೇರೆಯೇ. ಆದರೆ ನಿಮ್ಮ ರಸ್ತೆ ಖಾಲಿ ಇರುವುದಿಲ್ಲ. ಸಂಜೆ ಹಿಂಜವಡಿಯಿಂದ ಹೊರಗೆ ಬರುವಾಗ ಮೊದಲ ಗೇರು, ಎರಡನೇ ಗೇರು, ಮತ್ತೆ ಮೊದಲ ಗೇರು, ಇಷ್ಟೇ. ಆಗ ರೇಡಿಯೇಟರ್ ಫ್ಯಾನ್ ಆನ್ ಆಗಿ ಬಿಸಿಗಾಳಿ ಕಾಲಿಗೆ ಹೊಡೆಯುತ್ತದೆ, ಅದೂ ಏಪ್ರಿಲ್-ಮೇ ತಿಂಗಳಲ್ಲಿ ತಡೆಯೋಕಾಗಲ್ಲ. ದೊಡ್ಡ ಸಿಂಗಲ್ ಸಿಲಿಂಡರ್ ಆದ್ದರಿಂದ ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರ್ ಹಾಕಿದರೆ ಜಗ್ಗುತ್ತದೆ, ಚೈನು ಕಟಕಟ ಅನ್ನುತ್ತದೆ, ಹಾಗಾಗಿ ಕ್ಲಚ್ ಮೇಲೆ ಕೈ ಸದಾ ಇರಬೇಕು. ಆರ್15 ವಿ3 ಬಂದದ್ದು 2018ರಲ್ಲಿ, 155 ಸಿಸಿ, ಹಗುರ, ಕ್ಲಚ್ ಬೆಣ್ಣೆಯಂತೆ ಮೃದು, ಪೆಟ್ರೋಲ್ ಖರ್ಚೂ ಕಡಿಮೆ. ಅದರಲ್ಲಿರುವ ವಿವಿಎ ಅನ್ನುವ ವ್ಯವಸ್ಥೆ ಸುಮಾರು 7,400 ಆರ್‌ಪಿಎಂನಲ್ಲಿ ಇನ್‌ಟೇಕ್ ವಾಲ್ವನ್ನು ಬೇರೆ ಕ್ಯಾಮ್‌ಗೆ ಬದಲಿಸುತ್ತದೆ. ಅದಕ್ಕೇ ಟ್ರಾಫಿಕ್‌ನಲ್ಲಿ ಸಾಧುವಾಗಿದ್ದು ಹೈವೇಯಲ್ಲಿ ಜೀವ ಬಂದ ಹಾಗೆ ಎಳೆಯುತ್ತದೆ. ವಾಕಡ್-ಹಿಂಜವಡಿಗೆ ನಾನಂತೂ ಆರ್15 ಅಂತಲೇ ಹೇಳುತ್ತೇನೆ. ವಾರಕ್ಕೊಮ್ಮೆ ಲಾಂಗ್ ರೈಡ್ ಹೋಗುವವರು, ದಿನಾ ಟ್ರಾಫಿಕ್‌ನಲ್ಲಿ ನಿಲ್ಲದವರು 390 ಯೋಚಿಸಲಿ.

ಯಾವುದೇ ಆಗಲಿ, 2019ರ ಏಪ್ರಿಲ್ ನಂತರ ತಯಾರಾದದ್ದನ್ನೇ ನೋಡಿ. 125 ಸಿಸಿ ಮೇಲಿನ ಎಲ್ಲಾ ಹೊಸ ಗಾಡಿಗಳಿಗೂ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು ಆವಾಗ. ಮೊದಲ ಬ್ಯಾಚಿನ ವಿ3 ಗಾಡಿಗಳಲ್ಲಿ ಎಬಿಎಸ್ ಇಲ್ಲ, ಅವು ಸ್ವಲ್ಪ ಅಗ್ಗಕ್ಕೆ ಸಿಗುತ್ತವೆ. ಪುಣೆಯ ಮಳೆಗಾಲ ನೋಡಿದವರು ಆ ಉಳಿತಾಯದ ಆಸೆಗೆ ಬೀಳಲ್ಲ.

ಗಾಡಿ ನೋಡಲು ಹೋಗುವಾಗ ಬೆಳಿಗ್ಗೆ ಹೋಗಿ, ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಹೇಳಿ. ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಕೋಲ್ಡ್ ಸ್ಟಾರ್ಟ್ ತೊಂದರೆಯೂ ಗೊತ್ತಾಗಲ್ಲ, ತಣ್ಣಗಿರುವಾಗ ಮಾತ್ರ ಬರುವ ಸದ್ದುಗಳೂ ಕೇಳಲ್ಲ.

ಪಿಂಪ್ರಿಯಲ್ಲಿ ನಮ್ಮ ಇಂಡಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಗೆಳೆಯನಿಗೆ ಒಂದು ಆರ್‌ಸಿ 390 ನೋಡಲು ಅವರನ್ನು ಕರೆದುಕೊಂಡು ಹೋಗಿದ್ದೆವು. ಪೇಂಟ್ ಫಳಫಳ, ಹೊಸ ಲಿವರ್, ಹೊಸ ಗ್ರಿಪ್. ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ, ಹ್ಯಾಂಡಲ್ ಬಂದು ತಾಕಿ ನಿಲ್ಲುವ ಆ ಸಣ್ಣ ಸ್ಟಾಪರ್ ಮೇಲೆ ಬೆರಳಾಡಿಸಿದರು. ಒಂದು ಮೂಲೆ ಜಜ್ಜಿ ಚಪ್ಪಟೆಯಾಗಿತ್ತು. "ಗಾಡಿ ಜೋರ್ ಬಿದ್ದೈತ್ರಿ, ಬ್ಯಾಡ ಬಿಡ್ರಿ" ಅಂದರು, ಅಲ್ಲಿಂದ ಎದ್ದು ಬಂದೆವು. ಪಾರ್ಕಿಂಗ್‌ನಲ್ಲಿ ಬಿದ್ದರೆ ಲಿವರ್ ತುದಿ, ಫೂಟ್‌ಪೆಗ್ ತುದಿ, ಸೈಲೆನ್ಸರ್ ಕವರ್ ಗೀರುತ್ತವೆ, ಅದಕ್ಕೆ ಹೆದರಬೇಡಿ. ಸ್ಟಾಪರ್ ಜಜ್ಜಿಹೋಗಿದ್ದರೆ ಮಾತ್ರ ಮುಂದಿನ ಚಕ್ರಕ್ಕೆ ದೊಡ್ಡ ಹೊಡೆತವೇ ಬಿದ್ದಿರುತ್ತದೆ, ಫೋರ್ಕು (ಮುಂದಿನ ಚಕ್ರ ಹಿಡಿದಿರುವ ಎರಡು ಪೈಪು), ಫ್ರೇಮು ನೆಟ್ಟಗಿದೆಯೋ ಇಲ್ಲವೋ ಹೇಳೋಕಾಗಲ್ಲ. ಇದೊಂದನ್ನು ನೋಡದೆ ಅಡ್ವಾನ್ಸ್ ಕೊಡಬೇಡಿ.

ಫೋರ್ಕ್ ಪೈಪಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ. ಹಿಂದಿನ ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಾಗಿದ್ದರೆ ಚೈನ್ ಸೆಟ್ ಬದಲಿಸಬೇಕು. ಫೇರಿಂಗ್ ಎರಡೂ ಕಡೆ ಒಂದೇ ಸಮ ಕೂತಿದೆಯಾ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2319 ಅಂತಿದ್ದರೆ 2019ರ 23ನೇ ವಾರದ ಟೈರ್. ಹಲ್ಲು ಎಷ್ಟೇ ಚೆನ್ನಾಗಿ ಕಂಡರೂ ಅಷ್ಟು ಹಳೇ ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಹೊಸ ಜೋಡಿ ಟೈರಿನ ದುಡ್ಡು ಲೆಕ್ಕದಲ್ಲಿ ಸೇರಿಸಿಕೊಂಡೇ ಚೌಕಾಸಿ ಮಾಡಿ.

ಊರಿಂದ ತರುವ ವಿಚಾರ: ಕೆಎ ಗಾಡಿ ಅಗ್ಗ ಅನ್ನಿಸಬಹುದು, ಆದರೆ ಇಲ್ಲೇ ಇದ್ದು ಓಡಿಸುವುದಾದರೆ ಲಾಭ ಕರಗಿಹೋಗುತ್ತದೆ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದರೆ ಇಲ್ಲಿಯ ನಂಬರ್ ಮಾಡಿಸಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್, ಅಲ್ಲಿ ಕಟ್ಟಿದ ಟ್ಯಾಕ್ಸ್ ವಾಪಸ್ ಕೇಳಲು ಇನ್ನೊಂದು ಓಡಾಟ. ಸುಮ್ನೆ ಇಲ್ಲಿಯದೇ ಎಂಎಚ್-12 ಅಥವಾ ಎಂಎಚ್-14 ನಂಬರಿನ ಗಾಡಿ ನೋಡಿ. ಗಾಡಿಯ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬ್ಯಾಂಕ್ ಹೆಸರು ಇದ್ದರೆ ಸಾಲ ತೀರಿದ ಪತ್ರ ಮತ್ತು ಆ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಇ-ಚಲನ್ ಬಾಕಿ ಎಷ್ಟಿದೆ ನಂಬರ್ ಹಾಕಿ ನೋಡಿ. ಇಲ್ಲಿ ಸ್ಪೋರ್ಟ್ಸ್ ಬೈಕ್‌ಗಳ ಮೇಲೆ ಅದು ಸಾವಿರಗಟ್ಟಲೆ ಇರುವುದೂ ಉಂಟು, ಅದನ್ನು ಮಾರುವವರೇ ಕಟ್ಟಲಿ. ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರ್ಮ್ 29, 30 ಎರಡಕ್ಕೂ ಸಹಿ ಆದ ಮೇಲೆ ವರ್ಗಾವಣೆಯನ್ನು "ಆಮೇಲೆ ನೋಡೋಣ" ಅಂತ ಬಿಡಬೇಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು ಕಾನೂನು ಕೊಡುವ ಅವಧಿ 14 ದಿನ ಮಾತ್ರ.

ಇನ್ನು ಬದಲಾವಣೆ. ಸೈಲೆನ್ಸರ್ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಡ. ಪುಣೆ ಪೊಲೀಸರು ಹಿಡಿದ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಹಾಸಿ ರೋಡ್ ರೋಲರ್ ಹತ್ತಿಸಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟದ್ದಕ್ಕೂ ಹೊಂದದ ಬದಲಾವಣೆ ಮಾಡುವಂತಿಲ್ಲ, ಶಬ್ದ ಮಾಲಿನ್ಯಕ್ಕೆ 190ನೇ ಕಲಂ ಬೇರೆ ಇದೆ. ದಂಡ ಬಿಡಿ, ಬೆಳಿಗ್ಗೆ ಸೊಸೈಟಿಯಲ್ಲಿ ಮಗು ಮಲಗಿಸುತ್ತಿರುವ ಮನೆಯ ಕೆಳಗೆ ಅದನ್ನು ಸ್ಟಾರ್ಟ್ ಮಾಡುವುದು ನ್ಯಾಯವಲ್ಲ. ಅಪಘಾತವಾದರೆ, ತಿಳಿಸದೆ ಮಾಡಿದ ಬದಲಾವಣೆಯನ್ನೇ ಮುಂದಿಟ್ಟು ಇನ್ಶೂರೆನ್ಸ್‌ನವರು ಕ್ಲೇಮ್‌ಗೆ ತಕರಾರು ತೆಗೆಯಬಹುದು. ಓಪನ್ ಏರ್ ಫಿಲ್ಟರ್ ಕೂಡ ಬೇಡ, ಕಾಮಗಾರಿಯ ಧೂಳು ತುಂಬಿದ ರಸ್ತೆಗಳಿವು.

ಹ್ಯಾಂಡಲ್ ನಿಜವಾದ ಸಮಸ್ಯೆ, ಅದನ್ನು ಒಪ್ಪುತ್ತೇನೆ. ಕ್ಲಿಪ್-ಆನ್ ಹ್ಯಾಂಡಲ್ ಕೆಳಗಿರುತ್ತದೆ, ನಿಧಾನ ಹೋಗುವಾಗ ಗಾಳಿಯ ಆಸರೆ ಇರಲ್ಲ, ಎದೆಯ ಭಾರವೆಲ್ಲಾ ಮಣಿಕಟ್ಟಿನ ಮೇಲೆ. ಆದರೆ ತಗೊಂಡ ಮರುದಿನವೇ ರೈಸರ್ (ಹ್ಯಾಂಡಲ್ ಎತ್ತರಿಸುವ ತುಂಡು) ಹಾಕಿಸಬೇಡಿ. ಮೊದಲು ಕೂರುವ ರೀತಿ ಬದಲಿಸಿ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಭಾರವನ್ನು ಸೊಂಟ ಮತ್ತು ತೊಡೆ ಹೊರಲಿ, ಮೊಣಕೈ ಸ್ವಲ್ಪ ಮಡಚಿರಲಿ. ಟ್ಯಾಂಕಿಗೆ ರಬ್ಬರ್ ಗ್ರಿಪ್ ಪ್ಯಾಡ್ ಅಂಟಿಸಿದರೆ ಕಾಲು ಜಾರಲ್ಲ, ಖರ್ಚೂ ಕಡಿಮೆ. ಲಿವರ್‌ಗಳ ಕೋನವನ್ನು ಸ್ವಲ್ಪ ಕೆಳಗೆ ತಿರುಗಿಸಿ, ಮುಂಗೈ ಮತ್ತು ಬೆರಳು ಒಂದೇ ನೇರಕ್ಕೆ ಬರಬೇಕು. ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಉದ್ದ ಮಾಡಿ, ಬ್ಯಾಗಿನ ತಳ ಹಿಂದಿನ ಸೀಟಿನ ಮೇಲೆ ಕೂರಲಿ. ಭುಜದ ಭಾರ ಇಳಿದರೆ ಅರ್ಧ ಮಣಿಕಟ್ಟು ನೋವು ಹೋಗುತ್ತದೆ.

ಒಂದೆರಡು ತಿಂಗಳು ಹೀಗೆ ಓಡಿಸಿದ ಮೇಲೂ ನೋವಿದ್ದರೆ ಕಡಿಮೆ ಎತ್ತರದ, ನಿಮ್ಮ ಮಾಡೆಲ್‌ಗೇ ಮಾಡಿದ ರೈಸರ್ ಹಾಕಿಸಿ. ಬೈಕ್ ಪಾರ್ಟ್‌ಗಳಿಗೆ ಎಲ್ಲರೂ ಹೋಗುವುದು ನಾನಾ ಪೇಠ್‌ಗೆ. ಹಾಕಿಸಿದ ಮೇಲೆ ಅಂಗಡಿ ಬಿಡುವ ಮುಂಚೆ ಅಲ್ಲೇ ಗಾಡಿ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಇಟ್ಟು ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ನಿಧಾನಕ್ಕೆ ತಿರುಗಿಸಿ. ಆರ್‌ಪಿಎಂ ತಾನಾಗಿ ಏರಿದರೆ ಥ್ರಾಟಲ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಟ್ರಾಫಿಕ್‌ನಲ್ಲಿ ಯು-ಟರ್ನ್ ಹೊಡೆಯುವಾಗ ಗಾಡಿ ಮುಂದಕ್ಕೆ ಹಾರಿಬಿಡುತ್ತದೆ. ಬ್ರೇಕ್ ಹೋಸ್ ಬಿಗಿಯಾಗಬಾರದು, ಥ್ರಾಟಲ್ ಕೈಬಿಟ್ಟರೆ ತಕ್ಷಣ ವಾಪಸ್ ಬರಬೇಕು, ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲ್‌ಗೂ ನಡುವೆ ಸಿಕ್ಕಬಾರದು. ಇದರಲ್ಲಿ ಒಂದು ತಪ್ಪಿದರೂ ತೆಗೆಸಿಬಿಡಿ.

ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ನಂಬರ್ ಪ್ಲೇಟ್ ಮೇಲಕ್ಕೆ ಮಡಚುವ ಫ್ಯಾಷನ್ ಇದೆ. ಜುಲೈನಲ್ಲಿ ಅಂಥ ಗಾಡಿಯಲ್ಲಿ ಆಫೀಸಿಗೆ ಹೋದವರ ಬೆನ್ನು ನೋಡಿ, ಸೊಂಟದಿಂದ ಕತ್ತಿನವರೆಗೆ ಕೆಸರಿನ ಪಟ್ಟೆ. ಹಿಂದೆ ಬರುವವರ ಮುಖಕ್ಕೂ ಅದೇ ಕೆಸರು. ಹಿಂದೆ ಕೂರುವವರ ಸೀರೆ, ದುಪಟ್ಟಾ ಚಕ್ರಕ್ಕೆ ಸಿಗದಂತೆ ಇರುವ ಗಾರ್ಡನ್ನೂ ತೆಗೆಯಬೇಡಿ. ಅಗಲದ ಟೈರ್ ಹಾಕಿಸಬೇಡಿ. ವಿ3ಗೆ ಹಿಂದೆ 140/70-17 ಕೊಟ್ಟಿದ್ದಾರೆ, ಅದರ ರಿಮ್‌ಗೆ ಅದೇ ಸರಿ. ಅಗಲ ಜಾಸ್ತಿಯಾದರೆ ಅಂಚು ಮಡಚಿಕೊಂಡು ತಿರುವಿನಲ್ಲಿ ಗಾಡಿ ಮೊಂಡಾಗುತ್ತದೆ.

ದುಡ್ಡು ಹಾಕಬೇಕಾದದ್ದು ಇಲ್ಲಿ: ಒಳ್ಳೇ ಟೈರು, ಹೊಸ ಬ್ರೇಕ್ ಪ್ಯಾಡು ಮತ್ತು ಬ್ರೇಕ್ ಆಯಿಲ್, ಕೂಲಂಟ್ ಪೂರ್ತಿ ಬದಲಾವಣೆ, ಎಂಜಿನ್ ಆಯಿಲ್ ಮತ್ತು ಫಿಲ್ಟರು. ಹಿಂದಿನ ಓನರ್ ಏನೇ ಹೇಳಲಿ, ಇವನ್ನು ಬಂದ ದಿನವೇ ಮಾಡಿಸಿ. ಚೈನನ್ನು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಇನ್ನೂ ಬೇಗ, ತೊಳೆದು ಲ್ಯೂಬ್ ಹಾಕಿ.

ಹುಬ್ಬಳ್ಳಿಗೆ ಇದರ ಮೇಲೇ ಹೋಗಬಹುದಾ ಅಂತಲೂ ಕೇಳಿದ್ದೀರಿ. ಆರಾಮಾಗಿ ಹೋಗಬಹುದು. ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶ ಇಲ್ಲ, ನಮ್ಮ ದಾರಿಗೆ ಆ ತೊಂದರೆ ಇಲ್ಲ: ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಧಾರವಾಡ, ಒಂದೇ ಹೈವೇ. ವಾಪಸ್ ಬರುವಾಗ ಮಾತ್ರ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಬ್ರಿಡ್ಜ್‌ವರೆಗೆ ಉದ್ದನೆಯ ಇಳಿಜಾರು. ಅಲ್ಲಿ ಲಾರಿಗಳ ಬ್ರೇಕ್ ಫೇಲ್ ಆಗಿ ಎಷ್ಟೋ ಅಪಘಾತ ಆಗಿವೆ. ಲಾರಿಯ ಮುಂದೆ ಉಳಿಯಬೇಡಿ, ಪಕ್ಕದಲ್ಲೂ ಬೇಡ. ಎರಡೂ ಮಿರರ್ ಜಾಗದಲ್ಲೇ ಇರಬೇಕಾದದ್ದು ಆ ರಸ್ತೆಯಲ್ಲಿ.